ಸಿಇಟಿ ರ‍್ಯಾಂಕ್ ಬಂತು, ಫೀಸಿಗೆ ದುಡ್ಡಿಲ್ಲ, ತಮ್ಮನ ಸೀಟು ಹೇಗೆ ಉಳಿಸ್ಕೊಳ್ಳೋದು?

ಹೊಂಗೆಮರ:
ಎಲ್ರಿಗೂ ನಮಸ್ಕಾರ. ನನ್ ತಮ್ಮ ಈ ಸಲ ಸೆಕೆಂಡ್ ಪಿಯು ಸೈನ್ಸ್ ಮುಗಿಸಿದಾನೆ, ಸಿಇಟಿ ರ‍್ಯಾಂಕ್ ಪರವಾಗಿಲ್ಲ, ಇಂಜಿನಿಯರಿಂಗ್ ಸೀಟು ಸಿಗೋ ಹಾಗಿದೆ. ಆದ್ರೆ ಅಪ್ಪಂಗೆ ಹೋದ್ವರ್ಷದಿಂದ ಹುಷಾರಿಲ್ಲ, ಕೆಲ್ಸಕ್ಕೆ ಹೋಗ್ತಿಲ್ಲ, ನನ್ನೊಬ್ಳ ಸಂಬಳದಲ್ಲಿ ಮನೆ ನಡೀತಿದೆ. ಎಲ್ರೂ ಸ್ಕಾಲರ್‌ಶಿಪ್ ಬರತ್ತೆ ಬಿಡು ಅಂತಾರೆ, ಅದು ಬರೋದು ಅಡ್ಮಿಷನ್ ಆಗಿ ಎಷ್ಟೋ ತಿಂಗಳಾದ್ಮೇಲೆ, ಸೀಟ್ ಅಲಾಟ್ ಆದ್ರೆ ಫೀಸ್ ಕಟ್ಟೋಕೆ ಕೊಡೋದು ಕೆಲವೇ ದಿನ, ಆ ಮಧ್ಯದ ದುಡ್ಡು ಎಲ್ಲಿಂದ ತರ್ಲಿ? ಅವ್ನು ಒಂದ್ವರ್ಷ ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಕೋತೀನಿ ಅಕ್ಕ, ಆಮೇಲೆ ಓದ್ತೀನಿ ಅಂತಿದಾನೆ. ನಂಗದು ಬೇಡ್ವೇ ಬೇಡ. ನಮ್ದು 2ಎ. ಗೊತ್ತಿರೋರು ದಯವಿಟ್ಟು ಹೇಳಿ.

ಕೊನೆಬೆಂಚು:
ಅಕ್ಕ, ಎಸ್‌ಎನ್‌ಕ್ಯೂ ಬಗ್ಗೆ ಕೇಳಿದೀರಾ? ಸೂಪರ್ ನ್ಯೂಮರರಿ ಕೋಟಾ. ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು ಎಕ್ಸ್‌ಟ್ರಾ ಸೀಟು ಇರತ್ತೆ, ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ರೆ ಸಾಕು, ಟ್ಯೂಷನ್ ಫೀಸ್ ಪೂರ್ತಿ ಮಾಫಿ. ನಾನು ಓದಿದ್ದು ಇದ್ರಲ್ಲೇ. ಎರಡು ವಿಷ್ಯ ನೆನಪಿಟ್ಕೊಳಿ. ಮಾಫಿ ಆಗೋದು ಟ್ಯೂಷನ್ ಫೀಸ್ ಮಾತ್ರ, ಯೂನಿವರ್ಸಿಟಿ ಫೀಸು, ಎಕ್ಸಾಮ್ ಫೀಸು ಇವೆಲ್ಲ ಕಟ್ಲೇಬೇಕು. ಮತ್ತೆ ಸೇರಿದ್ಮೇಲೆ ಕಾಲೇಜಾಗ್ಲಿ ಬ್ರಾಂಚಾಗ್ಲಿ ಬದಲಾಯಿಸೋಕೆ ಬರಲ್ಲ, ಅದಕ್ಕೆ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು ಬ್ರಾಂಚುಗಳ ಲಿಸ್ಟು ಮಾಡೋವಾಗ ನಾಲ್ಕು ವರ್ಷ ಓದೋಕೆ ಮನಸ್ಸಿರೋ ಬ್ರಾಂಚನ್ನೇ ಹಾಕ್ಲಿ. ಕಾಂಪಿಟೇಷನ್ ಜಾಸ್ತಿ ಇರತ್ತೆ, ಇದೊಂದನ್ನೇ ನಂಬ್ಕೊಂಡು ಕೂರೋದು ಬೇಡ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳನ್ನೂ ಲಿಸ್ಟಲ್ಲಿ ಮೇಲಕ್ಕೇ ಹಾಕಿಸಿ.

ಆದ್ರೆ ಎಲ್ಲಕ್ಕಿಂತ ಮೊದ್ಲು ಜಾತಿ ಆದಾಯ ಪ್ರಮಾಣಪತ್ರ ತೆಗ್ದು ನೋಡಿ. ನನ್ ಕ್ಲಾಸ್‌ಮೇಟ್ ಒಬ್ಬಂಗೆ ನನಗಿಂತ ಒಳ್ಳೆ ರ‍್ಯಾಂಕ್ ಇತ್ತು, ಅವ್ನ ಸರ್ಟಿಫಿಕೇಟ್ ಅವಧಿ ಮುಗ್ದಿತ್ತು, ಅದ್ರ ಮೇಲಿರೋ ಆರ್‌ಡಿ ನಂಬರ್ ಹಾಕಿದ್ರೆ ವೆರಿಫೈ ಆಗ್ಲಿಲ್ಲ, ಹೊಸದು ಮಾಡ್ಸೋಷ್ಟ್ರಲ್ಲಿ ಟೈಮ್ ಮುಗ್ದೋಯ್ತು. ಅವ್ನು ಓದೋದೇ ಬಿಟ್ಟ. ಇವತ್ತಿಗೂ ನಂಗೆ ಅದು ನೆನಪಾದ್ರೆ ಸಂಕಟ ಆಗತ್ತೆ.

ಲೆಕ್ಕದಪುಸ್ತಕ:
ನಾನು ಬ್ಯಾಂಕಲ್ಲಿ ಲೋನ್ ಸೆಕ್ಷನ್ ನೋಡ್ಕೊತಿದ್ದೆ ಮೇಡಂ, ನೀವು ಕೇಳಿದ ಆ ಮಧ್ಯದ ದುಡ್ಡಿಗೆ ಎಜುಕೇಷನ್ ಲೋನೇ ದಾರಿ. ಬಡ್ಡಿಗೆ ಕೈಸಾಲ ಮಾತ್ರ ಮಾಡ್ಬೇಡಿ. 4 ಲಕ್ಷದವರೆಗಿನ ಲೋನಿಗೆ ಅಡಮಾನ ಕೇಳೋ ಹಾಗಿಲ್ಲ, ನಿಮ್ ಕೈಯಿಂದ ಇಷ್ಟು ಪಾಲು ಹಾಕಿ ಅಂತ ಮಾರ್ಜಿನ್ನೂ ಕೇಳಲ್ಲ. ಮನೆ ಆದಾಯ 4.5 ಲಕ್ಷದೊಳಗಿದ್ರೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ, ಕೋರ್ಸ್ ಮುಗಿದು ಒಂದ್ವರ್ಷ ಆಗೋವರೆಗಿನ ಬಡ್ಡಿ ಸರ್ಕಾರದ್ದು, ಆದ್ರೆ ಕಾಲೇಜು ಆ ಸ್ಕೀಮ್ ಕೆಳಗೆ ಬರತ್ತಾ ಅಂತ ಬ್ಯಾಂಕಲ್ಲಿ ಕೇಳಿ ನೋಡ್ಕೊಳಿ. ಪಿಎಂ ವಿದ್ಯಾಲಕ್ಷ್ಮಿ ಅಂತ 2024 ನವೆಂಬರಲ್ಲಿ ಒಪ್ಪಿಗೆ ಸಿಕ್ಕಿದ ಲೋನ್ ಸ್ಕೀಮ್ ಬೇರೆ, ಅದು ಆಯ್ದ ಕೆಲವು ಕಾಲೇಜುಗಳಿಗೆ ಮಾತ್ರ.

ಬಹಳ ಜನ ಸೀಟ್ ಅಲಾಟ್ ಆದ್ಮೇಲೆ ಬ್ಯಾಂಕಿಗೆ ಓಡಿ ಬರ್ತಾರೆ, ಅಷ್ಟೊತ್ತಿಗೆ ಉಳಿದಿರೋದೇ ಮೂರು ದಿನ, ಪಾಪ ಮ್ಯಾನೇಜರ್ ಮುಂದೆ ಅಳ್ತಾ ನಿಂತ ತಂದೆತಾಯಿನ ನಾನೇ ನೋಡಿದೀನಿ. ನೀವು ಈ ವಾರನೇ ಹೋಗಿ. ಮಾರ್ಕ್ಸ್ ಕಾರ್ಡು, ರ‍್ಯಾಂಕು, ಆದಾಯ ಪತ್ರ, ಎಲ್ರ ಆಧಾರ್, ಪ್ಯಾನ್, ನಿಮ್ಮ ಸ್ಯಾಲರಿ ಸ್ಲಿಪ್ ಕೊಟ್ಟು ಫೈಲ್ ಓಪನ್ ಮಾಡಿಸಿ ಇಡಿ, ಅಲಾಟ್‌ಮೆಂಟ್ ಲೆಟರ್ ಬಂದ ದಿನ ಅದೊಂದನ್ನ ಸೇರ್ಸಿದ್ರಾಯ್ತು. ಒಂದು ಬ್ರಾಂಚಲ್ಲಿ ಆಗಲ್ಲ ಅಂದ್ರೆ ಕಾರಣ ಬರೆದುಕೊಡಿ ಅಂತ ಕೇಳಿ.

ಚಾಕ್‌ಪೀಸು:
ಮೇಲಿನವರು ಹೇಳಿದ್ದು ಸರಿ ಇದೆ. ನಾನು ಪಿಯು ಲೆಕ್ಚರರ್. ಒಂದ್ವರ್ಷ ಕೆಲ್ಸ ಮಾಡಿ ಬರ್ತೀನಿ ಸಾರ್ ಅಂದ ಹುಡುಗ್ರಲ್ಲಿ ವಾಪಸ್ ಬಂದೋರು ಬಹಳ ಕಮ್ಮಿಯಮ್ಮ, ಕೈಗೆ ಸಂಬಳ ಬರೋಕೆ ಶುರುವಾದ್ರೆ ಮನೆಯವರಿಗೂ ಬಿಡ್ಸೋಕೆ ಆಗಲ್ಲ. ಸೇರಿಸಿಬಿಡಿ. ಸೇರಿದ ಕೂಡ್ಲೇ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕ್ಲಿ, ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಊಟ ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿಗೂ. ದುಡ್ಡು ಬರೋದು ಆಧಾರ್ ಲಿಂಕ್ ಆಗಿರೋ ಅಕೌಂಟಿಗೆ, ಅದು ಯಾವ ಬ್ಯಾಂಕಿನದು ಅಂತ ಈಗಲೇ ಚೆಕ್ ಮಾಡಿಸಿ. ಸೆಕೆಂಡ್ ಪಿಯು ಮಾರ್ಕ್ಸ್ ಚೆನ್ನಾಗಿದ್ರೆ ಕೇಂದ್ರದ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ಪೂ ಇದೆ, ವರ್ಷಕ್ಕೆ 12,000. ರಾಜ್ಯದ್ದು, ಕೇಂದ್ರದ್ದು ಎರಡೂ ಒಟ್ಟಿಗೆ ತಗೊಳ್ಳೋ ಹಾಗಿಲ್ಲ, ಯಾವುದು ಜಾಸ್ತಿ ಸಿಗತ್ತೋ ನೋಡಿ ಹಾಕಿ.

ಹೊಂಗೆಮರ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣಲ್ಲಿ ನೀರು ಬಂತು. ಬೀರು ತೆಗ್ದು ಸರ್ಟಿಫಿಕೇಟ್ ನೋಡ್ದೆ, ಮುಂದಿನ ತಿಂಗಳಿಗೆ ಅವಧಿ ಮುಗಿಯತ್ತೆ! ನಾಳೆ ಬೆಳಿಗ್ಗೆ ನಾಡಕಚೇರಿಗೆ, ಅಲ್ಲಿಂದ ಹಾಗೇ ಬ್ಯಾಂಕಿಗೆ, ಆಫೀಸಿಗೆ ರಜೆ ಹಾಕಿದೀನಿ. ತಮ್ಮಂಗೂ ಇದನ್ನೆಲ್ಲ ಓದಿಸ್ದೆ, ಏನೂ ಮಾತಾಡ್ಲಿಲ್ಲ, ಈಗ ಕೂತ್ಕೊಂಡು ಕಾಲೇಜ್ ಲಿಸ್ಟ್ ಬರೀತಿದಾನೆ.