ಪದಚರ್ಚೆ: ಬಿಸಿಗೆ ಕಿಣ್ವ 'ಸಾಯುತ್ತದೆ' ಅನ್ನಬಹುದಾ?

ಕುಂಬಳೆಯಿಂದ ಟೀಚರ್:
ಸ್ವಲ್ಪ ಅರ್ಜೆಂಟು. ವಿಜ್ಞಾನ ಮೇಳದ ಚಾರ್ಟು ಇವತ್ತು ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಪ್ರಯೋಗ ಹಳೆಯದೇ. ಮೂರು ಪ್ರನಾಳಗಳಲ್ಲಿ ಗಂಜಿತಿಳಿ ಮತ್ತು ಜೊಲ್ಲು. ಒಂದು ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ, ಒಂದು ಐಸಿನಲ್ಲಿ. ಮೂರನೆಯದಕ್ಕೆ ಹಾಕಿದ್ದು ಮೊದಲೇ ಕುದಿಸಿದ ಜೊಲ್ಲು. ಸ್ವಲ್ಪ ಹೊತ್ತು ಬಿಟ್ಟು, ಪಿಷ್ಟ ಉಳಿದಿದ್ದರೆ ನೀಲಿ ಮಾಡುವ ಅಯೋಡಿನ್ ಹನಿಸಿದರೆ ಮೊದಲನೆಯದು ನೀಲಿಯಾಗುವುದಿಲ್ಲ, ಉಳಿದೆರಡು ಆಗುತ್ತವೆ. ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಕಿಣ್ವ (ಎಂಜೈಮ್) ಇದೆಯಲ್ಲ, ಮಕ್ಕಳು 'ಕುದಿಸಿದಾಗ ಕಿಣ್ವ ಸಾಯುತ್ತದೆ' ಅಂತ ಬರೆದಿದ್ದಾರೆ. ಡಿನೇಚರ್ (ಸಹಜ ರೂಪ ಕಳೆದುಕೊಳ್ಳುವುದು) ಎಂಬುದಕ್ಕೆ ಸರಿಯಾದ ಪದ ಬೇಕು. 'ವಿಸ್ವಾಭಾವೀಕರಣ' ಅಂತ ಒಬ್ಬರು ಸೂಚಿಸಿದರು. ಮಕ್ಕಳ ಬಾಯಲ್ಲಿ ಅದು ಹೊರಳುವುದಿಲ್ಲ.

ಮಂಜೇಶ್ವರದಿಂದ:
ಸಾಯಬೇಕಾದರೆ ಮೊದಲು ಜೀವ ಇರಬೇಕಲ್ಲ ಟೀಚರೇ. 1897ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಜೀವಕೋಶವೇ ಇಲ್ಲದ ರಸ ತೆಗೆದರು. ಜೀವವಿಲ್ಲದ ಆ ರಸದಲ್ಲಿದ್ದ ಕಿಣ್ವವೇ ಸಕ್ಕರೆಯನ್ನು ಮದ್ಯಸಾರ ಮಾಡಿತು. ಅವರಿಗೆ 1907ರ ನೊಬೆಲ್ ಸಿಕ್ಕಿದ್ದು ಅದಕ್ಕೇ. 'ಕೆಡುತ್ತದೆ' ಅಂತ ಹಾಕಿ, ಸಾಕು.

ಬದಿಯಡ್ಕದಿಂದ ಮಾಷ್ಟ್ರು:
ಮೊದಲು 'ಕಿಣ್ವ'ವನ್ನೇ ತೆಗೆಯಿರಿ. ಅದು ಸಂಸ್ಕೃತದಲ್ಲಿ ಮದ್ಯ ಹುಳಿ ಬರಿಸುವ ಮದ್ದು. ಕಿಣ್ವದಿಂದ ಅಮಲು ಹುಟ್ಟುವ ಹಾಗೆ ದೇಹದಲ್ಲಿ ಅರಿವು ಹುಟ್ಟುತ್ತದೆ ಎಂದು ಹಳೆಯ ಭೌತವಾದಿಗಳಾದ ಚಾರ್ವಾಕರು ಹೇಳುತ್ತಿದ್ದರಂತೆ. ನಮಗೆ ಯಾಕೆ ಆ ಹಂಗು? ಕನ್ನಡದಲ್ಲಿ ಹೆಪ್ಪು ಇದೆ. 'ಹೆಪ್ಪುಕ' ಅನ್ನಿ.

ಮಂಜೇಶ್ವರದಿಂದ:
ಆಗದು ಮಾಷ್ಟ್ರೇ. ಹೆಪ್ಪಿನಲ್ಲಿ ಇರುವುದು ಬ್ಯಾಕ್ಟೀರಿಯಾ. ಅದಕ್ಕೆ ಜೀವ ಇದೆ, ಕುದಿಸಿದರೆ ನಿಜಕ್ಕೂ ಸಾಯುತ್ತದೆ! ಮಕ್ಕಳ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ. 'ಕಿಣ್ವ' ಅಂದವರು ದಡ್ಡರಲ್ಲ. 'ಎಂಜೈಮ್' ಅಂತ ಹೆಸರಿಟ್ಟ ಜರ್ಮನ್ ವಿಜ್ಞಾನಿ ಕ್ಯೂನೆ ಕೂಡ ಗ್ರೀಕಿನ 'ಯೀಸ್ಟಿನೊಳಗೆ' ಎಂಬ ಮಾತಿನಿಂದಲೇ ಅದನ್ನು ಕಟ್ಟಿದ್ದು.

ತಾಳವಾಡಿಯಿಂದ:
ಟೀಚರ್ ಕೇಳಿದ್ದು ಕ್ರಿಯಾಪದ. ಅದಕ್ಕೆ ಬನ್ನಿ. 'ಕೆಡು' ಸಾಲದು. ಐಸಿನ ಪ್ರನಾಳವನ್ನು ಬೆಚ್ಚಗೆ ಮಾಡಿ, ಪಿಷ್ಟ ಒಡೆಯುವ ಕೆಲಸ ಮತ್ತೆ ಸಾಗುತ್ತದೆ. ಕುದಿಸಿದ್ದನ್ನು 37 ಡಿಗ್ರಿಗೆ ಇಳಿಸಿ ಇಟ್ಟರೂ ಅದು ಏಳುವುದಿಲ್ಲ. ಎರಡಕ್ಕೂ ಬೇರೆ ಪದ ಬೇಕು, ಅಲ್ವಾ? ಜೊಲ್ಲಿನ ಆ ಕಿಣ್ವ, ಅಮೈಲೇಸ್, ಒಂದು ಪ್ರೋಟೀನು, ಮಡಚಿಕೊಂಡ ಉದ್ದದ ಸರಪಳಿ. ಆ ಮಡಿಕೆಯಲ್ಲಿ ಒಂದು ಪೊಟರೆ ಇರುತ್ತದೆ, ಪಿಷ್ಟ ಬಂದು ಕೂರುವುದು ಅಲ್ಲೇ. ಕುದಿಸಿದಾಗ ಮಡಿಕೆ ಬಿಚ್ಚುತ್ತದೆ, ಪೊಟರೆ ಇಲ್ಲವಾಗುತ್ತದೆ. ಸರಪಳಿ ತುಂಡಾಗಬೇಕಾಗಿಯೇ ಇಲ್ಲ. ಹಾಗಾಗಿ ಬಿಸಿಗೆ 'ರೂಪಗೆಡು', ಚಳಿಗೆ 'ಮಂದವಾಗು'. ಹೊಟ್ಟೆಯ ಹುಳಿಯಲ್ಲಿ ಅಮೈಲೇಸ್ ನಿಂತುಹೋಗುವುದಕ್ಕೂ 'ರೂಪಗೆಡು' ನಡೆಯುತ್ತದೆ. ಅದೇ ಹುಳಿಯಲ್ಲಿ, ಪಿಎಚ್ 2ರ ಆಸುಪಾಸಿನಲ್ಲಿ, ಪ್ರೋಟೀನು ಒಡೆಯುವ ಹೊಟ್ಟೆಯ ಕಿಣ್ವ ಪೆಪ್ಸಿನ್ ಮಾತ್ರ ಚೆನ್ನಾಗಿ ದುಡಿಯುತ್ತದೆ. ಒಂದಕ್ಕೆ ಆಗದ್ದು ಇನ್ನೊಂದಕ್ಕೆ ಆಗಿಬರುತ್ತದೆ.

ಕುಂಬಳೆಯಿಂದ ಟೀಚರ್:
ಇದು ಚೆನ್ನಾಗಿದೆ. ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಕಪ್ಪಾಗದಿರಲಿ ಅಂತ. ಅಲ್ಲೂ ಹೀಗೇ ಹೇಳಬಹುದಾ?

ತಾಳವಾಡಿಯಿಂದ:
ಅಲ್ಲಿ 'ಮಂದವಾಗು' ಸರಿ. ಕಪ್ಪು ಮಾಡುವ ಕಿಣ್ವಕ್ಕೆ ಆ ಹುಳಿ ಹಿಡಿಸುವುದಿಲ್ಲ. ಮೇಲಾಗಿ ದಿಂಡು ನೀರಿನಲ್ಲಿ ಮುಳುಗಿದರೆ ಗಾಳಿಯೂ ಕಡಿಮೆ ತಾಗುತ್ತದೆ.

ಬದಿಯಡ್ಕದಿಂದ ಮಾಷ್ಟ್ರು:
'ರೂಪ' ಸಂಸ್ಕೃತ, 'ಪ್ರೋಟೀನು' ಇಂಗ್ಲಿಷು, 'ಮಂದ' ಮತ್ತೆ ಸಂಸ್ಕೃತ. ಕನ್ನಡ ಎಲ್ಲಿದೆ ಸ್ವಾಮಿ? ಹೀಗೇ ಹೋದರೆ ನಾಳೆ ನಮ್ಮ ಮಕ್ಕಳು ಕಿಣ್ವಕ್ಕೆ ಮಲಯಾಳಂನಲ್ಲಿ ಹೇಳುವ 'ರಾಸಾಗ್ನಿ'ಯನ್ನೂ ತಂದು ಚಾರ್ಟಿಗೆ ಅಂಟಿಸುತ್ತಾರೆ.

ಅಕ್ಕಲಕೋಟೆಯಿಂದ:
ಸದ್ಯ, ಕಿಣ್ವಕ್ಕೆ ಮರಾಠಿಯವರು ಹೇಳುವ 'ವಿಕರ' ನಿಮ್ಮ ಕಡೆ ಬಂದಿಲ್ಲ. ನಮ್ಮ ಹುಡುಗರು ಅದನ್ನು 'ವಿಕಾರ' ಅಂತ ಓದುತ್ತಾರೆ. ನನಗೆ ರಾಸಾಗ್ನಿಯೂ ಬೇಡ. ಕಿಣ್ವ ಏನನ್ನೂ ಸುಡುವುದಿಲ್ಲ. ಕ್ರಿಯೆ ಶುರುವಾಗಲು ಬೇಕಾದ ಶಕ್ತಿಯನ್ನು ಇಳಿಸುತ್ತದೆ, ಕೆಲಸ ಮುಗಿದ ಮೇಲೆ ಮೊದಲಿದ್ದ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಬೆಂಕಿ ಎಲ್ಲಿಂದ ಬಂತು? ಹಾಗಂತ ಪಕ್ಕದ ಭಾಷೆಯದು ಅಂದ ಮಾತ್ರಕ್ಕೆ ಬೈಯುವುದೂ ಸರಿಯಲ್ಲ. ಗಡಿಯಲ್ಲಿ ಕೂತು ಮಡಿ ಮಾಡಿದರೆ ಸಂತೆಗೆ ಹೋಗುವುದು ಹೇಗೆ?

ಬದಿಯಡ್ಕದಿಂದ ಮಾಷ್ಟ್ರು:
ಗಡಿಯಲ್ಲಿ ಇರುವುದಕ್ಕೇ ಮಡಿ ಬೇಕು. ನಿಮಗೆ ತಿಳಿಯದು, ಬಿಡಿ.

ಕುಂಬಳೆಯಿಂದ ಟೀಚರ್:
ಅಂಗಡಿಯವರು ಫೈಲು ಕೇಳುತ್ತಿದ್ದಾರೆ. 'ಕುದಿಸಿದಾಗ ಕಿಣ್ವ ರೂಪಗೆಡುತ್ತದೆ, ತಣ್ಣಗಿಟ್ಟಾಗ ಮಂದವಾಗುತ್ತದೆ' ಅಂತ ಹಾಕಿದೆ. ದಯವಿಟ್ಟು 'ಪ್ರನಾಳ'ಕ್ಕೆ ಯಾರೂ ತಕರಾರು ತೆಗೆಯಬೇಡಿ.