ಕಾನ್‌ಸ್ಟಂಟೈನ್ ಕಂಚಿನ ನಾಣ್ಯ: ಎಷ್ಟು ಉಜ್ಜಿದರೂ ಹಸಿರು ಪುಡಿ ಮತ್ತೆ ಬರ್ತಾ ಉಂಟು

ಕುಡ್ಲ_ನಾಣ್ಯ:
ಸಾಕಾಗಿ ಹೋಯ್ತು ಮಾರಾಯ್ರೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಕಂಚಿನ ನಾಣ್ಯ, ಆಂಟಿಯೋಕ್ ಟಂಕಸಾಲೆಯದ್ದು. ಹಿಂಬದಿ ‘ಗ್ಲೋರಿಯಾ ಎಕ್ಸರ್ಸಿಟಸ್’ (ಸೈನ್ಯದ ಕೀರ್ತಿ) ಅಂತ ಬರಹ, ಇಬ್ಬರು ಸೈನಿಕರು, ಎರಡು ಧ್ವಜ. ಕ್ಲೀನ್ ಮಾಡಿ ಆಗಿದೆ. ಆದರೂ ಚಕ್ರವರ್ತಿ ಮುಖದ ಕಿವಿಯ ಹಿಂದೆ ತಿಳಿಹಸಿರು ಪುಡಿ ಏಳ್ತಾ ಉಂಟು. ಏನು ಹಾಕಬೇಕು ಹೇಳಿ.

ತಾಮ್ರಪಟ:
ಪಿವಿಸಿ ಫ್ಲಿಪ್ಪಲ್ಲಿ (ನಾಣ್ಯ ಇಡೋ ಪ್ಲಾಸ್ಟಿಕ್ ಚೀಲ) ಇಟ್ಟಿರ್ತೀರಿ, ಆ ಪ್ಲಾಸ್ಟಿಕ್‌ದೇ ಹಸಿರು. ಅಸಿಟೋನ್‌ನಲ್ಲಿ ಅರ್ಧ ಗಂಟೆ ಹಾಕಿ, ಮುಗೀತು.

ಹಳೇ_ಆಸ್:
ಪಿವಿಸಿ ಆದರೆ ಅಂಟಂಟಾಗಿರುತ್ತೆ. ಟೂತ್‌ಪಿಕ್‌ನಿಂದ ಕೆದಕಿ ನೋಡಿ. ಒಣ ಪುಡಿ ಉದುರಿ ಕೆಳಗೆ ಗುಳಿ ಕಂಡರೆ ಬ್ರಾಂಜ್ ಡಿಸೀಸ್, ಅಂದರೆ ಕಂಚನ್ನ ಒಳಗಿಂದ ತಿನ್ನೋ ಸವೆತ. ಒಳಗಿನ ಕ್ಯೂಪ್ರಸ್ ಕ್ಲೋರೈಡ್‌ಗೆ ತೇವ, ಆಮ್ಲಜನಕ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತೆ. ಅದು ಇನ್ನಷ್ಟು ತಾಮ್ರ ತಿಂದು ಮತ್ತೆ ಕ್ಲೋರೈಡ್ ಮಾಡುತ್ತೆ. ಉಜ್ಜಿದರೆ ನಿಲ್ಲಲ್ಲ. ಹೇಗೆ ಕ್ಲೀನ್ ಮಾಡಿದ್ರಿ?

ತಾಮ್ರಪಟ:
ಮೊದಲು ಫ್ಲಿಪ್ ಯಾವುದು ಅಂತ ಹೇಳಲಿ. ನನ್ನ ಪ್ರಕಾರ ಪಿವಿಸಿಯೇ.

ಕುಡ್ಲ_ನಾಣ್ಯ:
ಫ್ಲಿಪ್ ಮೈಲಾರ್, ಪಿವಿಸಿ ಇಲ್ಲದ ಪ್ಲಾಸ್ಟಿಕ್. ಕ್ಲೀನಿಂಗ್ ಎಲ್ಲರೂ ಮಾಡುವ ಹಾಗೇ: ಆಲಿವ್ ಎಣ್ಣೆಯಲ್ಲಿ ನೆನೆಸಿ, ನಲ್ಲಿ ನೀರಲ್ಲಿ ತೊಳೆದು, ಮೇಲೆ ರಿನೈಸಾನ್ಸ್ ವ್ಯಾಕ್ಸ್ (ರಕ್ಷಣೆಗೆ ಹಚ್ಚುವ ಮೇಣ). ಟೂತ್‌ಪಿಕ್‌ಗೆ ಪುಡಿ ಉದುರ್ತದೆ, ಗುಳಿ ಉಂಟು.

ಹಳೇ_ಆಸ್:
ಇದನ್ನ ಮೊದಲೇ ಹೇಳಬಾರದಾ ಸರ್! ಎಣ್ಣೆಯಲ್ಲೂ ಆಮ್ಲ, ನಲ್ಲಿ ನೀರಲ್ಲಿ ಕ್ಲೋರೈಡ್, ಮೇಲಿಂದ ವ್ಯಾಕ್ಸ್ ಮುಚ್ಚಳ. ಮೊದಲು ವೈಟ್ ಸ್ಪಿರಿಟ್‌ನಿಂದ ವ್ಯಾಕ್ಸ್ ಬಿಡಿಸಿ, ಆಮೇಲೆ ಅಸಿಟೋನ್. ಲೂಪ್ (ಭೂತಗನ್ನಡಿ) ಹಿಡಿದು ಸೂಜಿಯಿಂದ ಗುಳಿಯ ತಳದವರೆಗೂ ಪುಡಿ ತೆಗೀರಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 28 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟ್, 22 ಗ್ರಾಂ ಅಡುಗೆ ಸೋಡಾ ಹಾಕಿದರೆ ಹತ್ತಿರ ಹತ್ತಿರ 5% ಸೆಸ್ಕ್ವಿಕಾರ್ಬೊನೇಟ್ (ಸೆಸ್ಕ್ವಿ) ದ್ರಾವಣ. ಕ್ಲೋರೈಡ್ ಹೊರಗೆ ಬರೋವರೆಗೂ ನಾಣ್ಯವನ್ನ ಅದರಲ್ಲೇ ನೆನೆಸಿಡಿ, ದ್ರಾವಣ ವಾರಕ್ಕೊಮ್ಮೆ ಬದಲಿಸಿ.

ಕ್ಲೋರೈಡ್ ಬರೋದು ನಿಂತಿತಾ ಅಂತ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡಬೇಕು, ಬಿಳಿ ಕೂತರೆ ಇನ್ನೂ ಇದೆ. ಅದಕ್ಕೂ ಮುಂಚೆ ದ್ರಾವಣದ ಸ್ಯಾಂಪಲ್‌ಗೆ ದುರ್ಬಲ ನೈಟ್ರಿಕ್ ಆಮ್ಲವನ್ನ ನೊರೆ ನಿಲ್ಲೋವರೆಗೂ ಹಾಕಿ. ಇಲ್ಲದಿದ್ದರೆ ಸಿಲ್ವರ್ ಕಾರ್ಬೊನೇಟೇ ಕೂತು, ಕ್ಲೋರೈಡ್ ಇದೆ ಅಂತ ಮೋಸ ಹೋಗ್ತೀರಿ.

ರೋಮ_ರಸಾಯನ:
ಅಷ್ಟು ದಿನ ಸೆಸ್ಕ್ವಿಯಲ್ಲಿ ಬಿಟ್ಟರೆ ಪಾಟಿನಾ (ಹಳೇ ಲೋಹದ ಮೇಲಿನ ಪದರ) ಬಣ್ಣ ಕೆಡುತ್ತೆ. 100 ಮಿಲಿ ಎಥನಾಲ್‌ಗೆ 3 ಗ್ರಾಂ ಬಿಟಿಎ (ಬೆಂಜೋಟ್ರಯಜೋಲ್, ಸವೆತ ತಡೆಯೋ ರಾಸಾಯನಿಕ), 24 ಗಂಟೆ ಸಾಕು. ಗ್ಲೌಸ್ ಕಡ್ಡಾಯ.

ಹಳೇ_ಆಸ್:
ಬಿಟಿಎ ಕ್ಲೋರೈಡ್ ತೆಗೆಯಲ್ಲ ಗುರುವೇ, ಮೇಲೊಂದು ಪದರ ಕಟ್ಟುತ್ತೆ ಅಷ್ಟೆ. ಸೆಸ್ಕ್ವಿ ಮುಗಿದ ಮೇಲೆ ಹಾಕಲಿ.

ಫಾಲಿಸ್_ಪ್ರಿಯ:
ಎರಡು ಧ್ವಜದ ಫಾಲಿಸ್ (ಇಂಥ ರೋಮನ್ ಕಂಚಿನ ನಾಣ್ಯ) ಅಂದರೆ ಕ್ರಿ.ಶ. 330–335ರದ್ದು. ಒಂದೇ ಧ್ವಜ ಇರೋದು ಆಮೇಲಿನದು, ಇನ್ನೂ ಹಗುರ.

ತಾಮ್ರಪಟ:
ಫಾಲಿಸ್ ಅನ್ನಬೇಡಿ. ಆ ಕಾಲದಲ್ಲಿ ಅದಕ್ಕೆ ಏನು ಹೆಸರಿತ್ತೋ ಯಾರಿಗೂ ಗೊತ್ತಿಲ್ಲ. ಎಇ3 ಅನ್ನಿ, ಅದು ಅಳತೆ ನೋಡಿ ಇಟ್ಟ ಹೆಸರು.

ಫಾಲಿಸ್_ಪ್ರಿಯ:
ಹರಾಜಿನ ಕ್ಯಾಟಲಾಗುಗಳೇ ಫಾಲಿಸ್ ಅಂತ ಬರೀತಾವೆ ಸ್ವಾಮಿ. ಅದಿರಲಿ, ನನ್ನವು ಮಹೋಗನಿ ಟ್ರೇಯಲ್ಲಿವೆ. ಪ್ರತಿ ಗುಂಡಿಗೂ ಮಖಮಲ್, ಪಕ್ಕದಲ್ಲೇ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಮಾಪಕ). ಫೋಟೋ ಹಾಕಲಾ?

ಹಳೇ_ಆಸ್:
ಮಹೋಗನಿ ನಡೆಯುತ್ತೆ. ಓಕ್, ಪ್ಲೈವುಡ್ ಬೇಡ, ಆಮ್ಲದ ಆವಿ ಬಿಡುತ್ತವೆ. ಕರಾವಳಿ ಮಳೆಗಾಲಕ್ಕೆ ಟ್ರೇ ಚಂದ ಇದ್ದರೆ ಸಾಲದು. ರಬ್ಬರ್ ಗ್ಯಾಸ್ಕೆಟ್ ಡಬ್ಬಿ, ಕಿತ್ತಳೆ ಸಿಲಿಕಾ ಜೆಲ್, ತೇವಾಂಶ 40%ಗಿಂತ ಕೆಳಗೆ. ಕೊನೆಯ ಪರೀಕ್ಷೆ ವ್ಯಾಕ್ಸ್ ಹಾಕೋ ಮುಂಚೆ: ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿ, ತಾಗದ ಹಾಗೆ ನಾಣ್ಯ, ಎರಡು ದಿನ. ಪುಡಿ ಎದ್ದರೆ ವಾಪಸ್ ಸೆಸ್ಕ್ವಿಗೆ.

ಕುಡ್ಲ_ನಾಣ್ಯ:
ವೈಟ್ ಸ್ಪಿರಿಟ್ ಇಲ್ಲಿ ಸಿಗುವುದಿಲ್ಲ. ಪೇಂಟ್ ಅಂಗಡಿಯ ಟರ್ಪೆಂಟೈನ್ ಆಗ್ತದಾ?

ಹಳೇ_ಆಸ್:
ಡಬ್ಬಿ ಮೇಲೆ ಮಿನರಲ್ ಅಂತ ಇದ್ದರೆ ಆಗುತ್ತೆ. ಪೈನ್ ಮರದ್ದು ಬೇಡ, ಅಂಟು ಉಳಿಯುತ್ತೆ.

ತಾಮ್ರಪಟ:
ಅಸಿಟೋನ್ ಅಂತ ನಾನು ಮೊದಲೇ ಹೇಳಿದ್ದೆ.