ಬೇಲೂರು, ಹಳೇಬೀಡು, ಬೆಳಗೊಳ, ಮುಳ್ಳಯ್ಯನಗಿರಿ: ಮೂರು ದಿನಕ್ಕೆ ಯಾವ ಕ್ರಮ ಸರಿ?

ಪ್ರಶ್ನೆ: ತುಂಗೆಯ ದಡ

ಡಿಸೆಂಬರ್‌ನಲ್ಲಿ ಮೂರು ದಿನ ಬಿಡುವಿದೆ. ಎರಡು ರಾತ್ರಿ ಹಾಸನದಲ್ಲಿ ಉಳಿಯುವ ಯೋಚನೆ, ಸ್ವಂತ ಕಾರು. ಎಪ್ಪತ್ತು ದಾಟಿದ ಇಬ್ಬರು ಜೊತೆಗಿರುತ್ತಾರೆ, ಒಬ್ಬರಿಗೆ ಮಂಡಿನೋವು. ಪ್ಯಾಕೇಜ್ ಟೂರಿನವರು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಹಾಕುತ್ತಾರೆ. ನಾವು ಬರುವುದು ಶಿಲ್ಪ ನೋಡಲಿಕ್ಕೇ. ಯಾವುದು ಮೊದಲು, ಯಾವ ಹೊತ್ತಿಗೆ? ಮುಳ್ಳಯ್ಯನಗಿರಿಯೂ ಸೇರಿಸಬಹುದೇ?

ಉತ್ತರ: ಬಳಪದ ಕಲ್ಲು

ಒಂದೇ ದಿನಕ್ಕೆ ಮೂರೂ ಬೇಡ. ಹಾಸನದಿಂದ ಬೆಳಗೊಳ ಸುಮಾರು 50 ಕಿ.ಮೀ., ಅದೂ ಬೇಲೂರಿಗೆ ಪೂರ್ತಿ ವಿರುದ್ಧ ದಿಕ್ಕು. ಹೋಗಿ ಬಂದು ಮತ್ತೆ ಬೇಲೂರಿಗೆ 40, ಅಲ್ಲಿಂದ ಹಳೇಬೀಡಿಗೆ 16, ವಾಪಸ್ 30 ಎಂದರೆ ನಾಲ್ಕೈದು ಗಂಟೆ ರಸ್ತೆಯಲ್ಲೇ ಹೋಯಿತು. ಬೇಲೂರು, ಹಳೇಬೀಡು ಒಂದು ದಿನ. ಬೆಳಗೊಳಕ್ಕೆ ಬೇರೆ ದಿನ.

ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು. ಈ ಕ್ರಮ ತಿರುವುಮುರುವು ಮಾಡಬೇಡಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಪೂರ್ವಾಭಿಮುಖ. ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಇರುವುದು ಸೂರಿನ ಅಡಿಯಲ್ಲಿ. ಬಿಸಿಲು ನೆತ್ತಿಗೇರಿದರೆ ಸೂರಿನ ನೆರಳು ಅವರ ಮುಖದ ಮೇಲೇ ಬೀಳುತ್ತದೆ. ಎಂಟರಿಂದ ಹತ್ತರೊಳಗೆ ಓರೆ ಬಿಸಿಲು ಸೂರಿನೊಳಕ್ಕೆ ನುಗ್ಗಿ ಪೂರ್ವದ ಬಾಗಿಲ ಬಳಿಯ ದರ್ಪಣಸುಂದರಿಯ ಬೆರಳು, ಕನ್ನಡಿಯ ಅಂಚು, ತಲೆಯ ಮೇಲಿನ ಬಳ್ಳಿಯ ಹಂದರ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಮದನಿಕೆಯರು ಹೊರಗೆ 38, ಒಳಗೆ ನವರಂಗದ (ಗರ್ಭಗುಡಿಯ ಮುಂದಿನ ಮಂಟಪದ) ನಡುಗಂಬಗಳ ಮೇಲೆ 4, ಒಟ್ಟು 42. ಹೆಚ್ಚಿನವರು ಒಳಗಿನ ನಾಲ್ಕನ್ನು ನೋಡದೇ ಬಂದುಬಿಡುತ್ತಾರೆ, ಏಕೆಂದರೆ ಒಳಗೆ ಕತ್ತಲು. ಹೊರಗಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಟಾರ್ಚ್ ಹಾಕುವುದಾದರೆ ಎದುರಿನಿಂದ ಹಾಕಬೇಡಿ, ಪಕ್ಕದಿಂದ ಹಾಕಿ. ಎದುರಿನ ಬೆಳಕಿಗೆ ಕೆತ್ತನೆ ಚಪ್ಪಟೆಯಾಗುತ್ತದೆ, ಪಕ್ಕದ ಬೆಳಕಿಗೆ ಪ್ರತಿ ಗೆರೆಯೂ ನೆರಳು ಬಿಟ್ಟು ಮೇಲೇಳುತ್ತದೆ. ಪೀಠಗಳ ಮೇಲೆ ಶಿಲ್ಪಿಗಳ ಹೆಸರೂ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹುಡುಕಿ ಓದಿ.

ಇದು ಪೂಜೆ ನಡೆಯುವ ದೇವಸ್ಥಾನ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ, ಹನ್ನೆರಡರೊಳಗೆ ದರ್ಶನ ಮುಗಿಸಿ. ಊಟ ಮಾಡಿ ಹಳೇಬೀಡಿಗೆ ಎರಡೂವರೆ ಹೊತ್ತಿಗೆ ಬಂದರೆ ಸಾಕು. ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನದ ಹಿಂಬದಿ, ಅಂದರೆ ಪಶ್ಚಿಮದ ಗೋಡೆಗೆ ಆಗಲೇ ಬಿಸಿಲು ಬೀಳುವುದು. ದಕ್ಷಿಣದ ಬಾಗಿಲಲ್ಲಿ ಶುರುಮಾಡಿ ಪ್ರದಕ್ಷಿಣೆಯಾಗಿ ಹೋಗಿ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಹೀಗೆ ಎಂಟು ಪಟ್ಟಿಕೆ. ಕಥೆಯ ಪಟ್ಟಿಕೆ ಅಂಗೈಯಗಲದಷ್ಟೇ ಇರುವುದರಿಂದ ಎಲ್ಲರೂ ಮೇಲಿನ ದೊಡ್ಡ ಮೂರ್ತಿಗಳನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ರಾಮಾಯಣ, ಮಹಾಭಾರತ, ಭಾಗವತ ಇರುವುದು ಆ ಪಟ್ಟಿಕೆಯಲ್ಲೇ. ಹಿರಿಯರಿಗೆ ಬಗ್ಗಬೇಕಾಗಿಲ್ಲ, ಎರಡು ಹೆಜ್ಜೆ ಹಿಂದೆ ನಿಂತರೆ ಓದಬಹುದು.

ದಯವಿಟ್ಟು ಮುಟ್ಟಬೇಡಿ. ಈ ದೇವಸ್ಥಾನಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಒಡವೆಯಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಗಿದ್ದು ಅದರಿಂದಲೇ. ಆದರೆ ಕೈಯ ಎಣ್ಣೆ ಅಂಶ ಹೀರಿ ಕಪ್ಪಾಗುತ್ತದೆ, ಸವೆಯುತ್ತದೆ. ಕೈಗೆಟಕುವ ಎತ್ತರದ ಮೂರ್ತಿಗಳ ಹೊಳಪು ನೋಡಿದರೆ ಗೊತ್ತಾಗುತ್ತದೆ, ಅದು ಶಿಲ್ಪಿ ಕೊಟ್ಟ ಹೊಳಪಲ್ಲ.

ಜೈನ ಬಸದಿಗಳಿರುವ ಬಸದಿಹಳ್ಳಿ ಬಿಡಬೇಡಿ. ಹೊಯ್ಸಳೇಶ್ವರದಿಂದ ಅರ್ಧ ಕಿ.ಮೀ.ಯೂ ಆಗಲಿಕ್ಕಿಲ್ಲ. ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಿಮ್ಮ ಮುಖ ಕಾಣುವಷ್ಟು ನುಣುಪು.

ಉತ್ತರ: ಕಲ್ಯಾಣಿ ಮೆಟ್ಟಿಲು

ಬೆಳಗೊಳದ ಬಗ್ಗೆ ಹೇಳುತ್ತೇನೆ. ಗೊಮ್ಮಟನಿರುವ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಬೆಳಿಗ್ಗೆ ಏಳಕ್ಕೆ ಹತ್ತಲು ಶುರುಮಾಡಿದರೆ ಸುಖ. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. ಹತ್ತುವಾಗ ಗೊತ್ತಾಗದ ಬಿಸಿ ಇಳಿಯುವಾಗ ಗೊತ್ತಾಗುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಬಹುದು, ನೈಲಾನಿನದ್ದು ಬೇಡ, ಜಾರುತ್ತದೆ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಹಾಗಾಗಿ ಡೋಲಿ ಮಾಡುವುದಾದರೆ ಹೋಗಿ ಬರಲು ಎರಡಕ್ಕೂ ಸೇರಿಸಿ ಕೆಳಗೇ ದರ ಮಾತಾಡಿಕೊಳ್ಳಿ.

58 ಅಡಿಯ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ಇರುವುದರಿಂದ ಮುಖ ನೆರಳಲ್ಲೇ ಇರುತ್ತದೆ. ಫೋಟೋದಲ್ಲಿ ಆಕಾಶ ಬೆಳ್ಳಗಾಗಿ ಮುಖ ಕಪ್ಪಾಗುವುದು ಇದಕ್ಕೇ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ. ಪಾದದ ಪಕ್ಕ ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’ ಎಂಬ ಶಾಸನವಿದೆ. ಸಾವಿರ ವರ್ಷ ದಾಟಿದ ಕನ್ನಡ, ಇವತ್ತಿಗೂ ನೇರವಾಗಿ ಅರ್ಥವಾಗುತ್ತದೆ.

ಹತ್ತಲಾಗದವರು ಕಾರಿನಲ್ಲೇ ಕೂರಬೇಕಿಲ್ಲ. ಊರೊಳಗೆ 1159ರ ಭಂಡಾರಿ ಬಸದಿ ಇದೆ, ಸಮತಟ್ಟು ನೆಲ, ಒಂದೇ ಸಾಲಿನಲ್ಲಿ 24 ತೀರ್ಥಂಕರರು. ಪಕ್ಕದ ಮಠದಲ್ಲಿ ಹಳೆಯ ಭಿತ್ತಿಚಿತ್ರಗಳಿವೆ. ಎರಡು ಗಂಟೆ ಆರಾಮಾಗಿ ಸಲ್ಲುತ್ತದೆ.

ಉತ್ತರ: ಗಿರಿದಾರಿ

ಮುಳ್ಳಯ್ಯನಗಿರಿ ಸೇರಿಸುವುದಾದರೆ ಎರಡನೇ ರಾತ್ರಿ ಹಾಸನ ಬಿಟ್ಟು ಚಿಕ್ಕಮಗಳೂರಿಗೆ ಬನ್ನಿ. ಮೊದಲ ದಿನ ಬೆಳಗೊಳ, ಎರಡನೇ ದಿನ ಬೇಲೂರು, ಹಳೇಬೀಡು, ಸಂಜೆ ಚಿಕ್ಕಮಗಳೂರು. ಮೂರೂವರೆಯೊಳಗೆ ಹಳೇಬೀಡು ಬಿಡುವಂತಿದ್ದರೆ ಬೆಳವಾಡಿಯ ಮೇಲೆ ಬನ್ನಿ, 12 ಕಿ.ಮೀ.ಗೆ ವೀರನಾರಾಯಣನ ತ್ರಿಕೂಟ, ಅಂದರೆ ಮೂರು ಗರ್ಭಗುಡಿಯ ದೇವಸ್ಥಾನ, ಸಿಗುತ್ತದೆ.

ಗಿರಿಗೆ ಕೈಮರದ ತಪಾಸಣಾ ಠಾಣೆ ದಾಟಿ ಹೋಗಬೇಕು. ವಾಹನಗಳಿಗೆ ಈಗ ಆನ್‌ಲೈನ್‌ನಲ್ಲಿ ಮೊದಲೇ ಬುಕಿಂಗ್ ಮಾಡಬೇಕು. ಬೆಳಗಿನ ಪಾಳಿಯನ್ನೇ ಹಿಡಿಯಿರಿ. ಕೊನೆಯ ರಸ್ತೆ ಕಿರಿದು, ಎದುರಿಂದ ಜೀಪು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಇಳಿಯುವಾಗ ಒಂದು ಅಥವಾ ಎರಡನೇ ಗೇರಿನಲ್ಲೇ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಸುರಿಯಬೇಡಿ. ಮಂಜಿದ್ದರೆ ಹೈಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ವಾಹನ ನಿಲ್ಲುವ ಜಾಗದಿಂದ ತುದಿಗೆ ಮತ್ತೆ ನೂರಾರು ಮೆಟ್ಟಿಲು. ಮಂಡಿನೋವಿನವರಿಗೆ ಸೀತಾಳಯ್ಯನಗಿರಿ ಸಾಕು, ದೇವಸ್ಥಾನದ ಹತ್ತಿರದವರೆಗೂ ಕಾರು ಹೋಗುತ್ತದೆ.

ಡಿಸೆಂಬರಿನಲ್ಲಿ ಇಂಬಳದ (ಜಿಗಣೆಯ) ಕಾಟವಿಲ್ಲ, ಗಾಳಿ ಮಾತ್ರ ಜೋರು. ಸ್ವೆಟರಿಗಿಂತ ಗಾಳಿ ತಡೆಯುವ ಜಾಕೆಟ್ ಮುಖ್ಯ.

ತುಂಗೆಯ ದಡ

ಬಹಳ ಉಪಕಾರವಾಯಿತು. ಗುರುವಾರ ಹೊರಟು ಶುಕ್ರವಾರ ಹಳೇಬೀಡು, ಶನಿವಾರ ಗಿರಿ ಎಂದುಕೊಂಡಿದ್ದೇವೆ. ತೊಂದರೆ ಇದೆಯೇ?

ಬಳಪದ ಕಲ್ಲು

ಶುಕ್ರವಾರ ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ರಜೆ. ದೇವಸ್ಥಾನ ತೆರೆದಿರುತ್ತದೆ.

ಗಿರಿದಾರಿ

ಶನಿವಾರ ಗಿರಿಯಲ್ಲಿ ವಾಹನಗಳ ಸಾಲು. ಒಂದು ದಿನ ಹಿಂದಕ್ಕೆ ಹಾಕಿ ಬುಧವಾರ ಹೊರಟರೆ ಎರಡೂ ತೊಂದರೆ ತಪ್ಪುತ್ತದೆ. ಇನ್ನೊಂದು: ಗಿರಿ ಭಾಗದ ದತ್ತಪೀಠದಲ್ಲಿ ನಡೆಯುವ ದತ್ತ ಜಯಂತಿ ಮಾರ್ಗಶಿರದ ಹುಣ್ಣಿಮೆಗೆ, ಬಹುಪಾಲು ಡಿಸೆಂಬರಿನಲ್ಲೇ ಬೀಳುತ್ತದೆ. ಆ ದಿನಗಳಲ್ಲಿ ಗಿರಿ ಭಾಗಕ್ಕೆ ಪ್ರವಾಸಿಗರನ್ನು ನಿರ್ಬಂಧಿಸುತ್ತಾರೆ. ಪಂಚಾಂಗ ನೋಡಿ ಆಮೇಲೆ ರೂಮು ಬುಕ್ ಮಾಡಿ.